ಮುದ್ರೆಯೂ ಮಾತೂ

ನಮ್ಮ ನಿತ್ಯದ ವ್ಯವಹಾರವೆಲ್ಲ ಎಷ್ಟರಮಟ್ಟಿಗೆ ಮುದ್ರೆಗಳನ್ನು ನಂಬಿ ನಡೆಯುತ್ತದೆಂಬುದನ್ನು ನಾವು ಯೋಚಿಸುವುದು ಅಪರೂಪ. ಅಂಗಡಿಯವನ ತೂಕದ ಕಲ್ಲನ್ನು ನಾವು ತಿರುಗಿ ತೂಗಿ ನೋಡುವುದಿಲ್ಲ. ಅದರ ಮೇಲೆ ಸರ್ಕಾರದ ಗುರುತಿದೆ, ಅಷ್ಟೇ ಸಾಕು. ಮಗಳ ಮದುವೆಗೆ ಕೊಂಡ ಬಳೆಯನ್ನು ಕರಗಿಸಿ ನೋಡುವುದಿಲ್ಲ; ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುದ್ರೆಯಿದೆ, ನೆಮ್ಮದಿ. ಮುದ್ರೆಯೆಂದರೆ ಈಗ ಎದುರಿಗಿಲ್ಲದ ಯಾರೋ ಒಬ್ಬ ಮನುಷ್ಯ, ‘ನಾನು ಇದನ್ನು ನೋಡಿದ್ದೇನೆ, ಇದು ಸರಿಯಾಗಿದೆ’ ಎಂದು ಹೇಳಿ ಹೋದ ಮಾತು. ಆ ಮಾತು ಹುಸಿಯೆಂದು ಗೊತ್ತಾದಾಗ ನಿಜವಾಗಿ ಹುಸಿಯಾದದ್ದು ಯಾವುದು? ವಸ್ತುವೆ, ಮುದ್ರೆಯೆ, ಇಲ್ಲವೆ ನಂಬಿದ ನಾವೆ? ಈ ಪ್ರಶ್ನೆಯನ್ನು ತರ್ಕಶಾಸ್ತ್ರಕ್ಕೆ ಬಿಟ್ಟು ಸುಮ್ಮನಿರುತ್ತಿದ್ದೆನೋ ಏನೋ. ಆದರೆ 2023ರಲ್ಲಿ ಗಿಣಿಗೇರಾದ ಒಂದು ಮನೆಯ ಪಡಸಾಲೆಯಲ್ಲಿ ಅದು ನನ್ನ ಕೈಗೇ ಬಂದು ಕುಳಿತಿತು.

ಕೊಪ್ಪಳದಿಂದ ಹೊಸಪೇಟೆಗೆ ರೈಲಿನಲ್ಲಿ ಹೋಗುವವರಿಗೆ ಗಿಣಿಗೇರಾ ಪರಿಚಯದ ಹೆಸರು. ಒಂದು ಕಾಲಕ್ಕೆ ಜೋಳದ ಹೊಲಗಳ ನಡುವಣ ಸಣ್ಣ ನಿಲ್ದಾಣ. ಈಗ ಸುತ್ತಲೂ ಕಬ್ಬಿಣದ ಕಾರ್ಖಾನೆಗಳು ಎದ್ದು, ಊರಿನ ಅನೇಕ ಮನೆಗಳಲ್ಲಿ ಒಬ್ಬನಾದರೂ ಪಾಳಿಯ ಕೆಲಸಕ್ಕೆ ಹೋಗುತ್ತಾನೆ. ಆ ವರ್ಷ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿ ಎಪ್ಪತ್ತೈದು ವರ್ಷ ತುಂಬುತ್ತಿದ್ದವು. ಸೆಪ್ಟೆಂಬರ್ 17ರ ಉತ್ಸವಕ್ಕೆ ಶಾಲೆಯಲ್ಲಿ ಹಳೆಯ ವಸ್ತುಗಳ ಪುಟ್ಟ ಪ್ರದರ್ಶನವೊಂದನ್ನು ಏರ್ಪಡಿಸಬೇಕೆಂದು ಅಲ್ಲಿಯ ಉಪಾಧ್ಯಾಯ ಮಿತ್ರರೊಬ್ಬರಿಗೆ ಆಸೆ. ನನಗೆ ಶಾಸನಗಳ ಹುಚ್ಚು ಇರುವುದನ್ನು ಬಲ್ಲ ಅವರು, ‘ಒಂದು ವಸ್ತುವಿದೆ, ಬಂದು ನೋಡಿ ನಾಲ್ಕು ಸಾಲಿನ ಚೀಟಿ ಬರೆದುಕೊಡಬೇಕು’ ಎಂದು ಹೇಳಿಕಳಿಸಿದರು.

ವಸ್ತುವೆಂದರೆ ಒಂದು ಬಂದೂಕಿನ ಮರದ ಹಿಡಿ, ಹೆಗಲಿಗೊತ್ತುವ ಭಾಗ ಮಾತ್ರ. ನಳಿಗೆಯಿಲ್ಲ, ಕುದುರೆಯಿಲ್ಲ, ಹಿಂಬದಿಗೆ ಹಿತ್ತಾಳೆಯ ತಗಡು, ಉದ್ದಕ್ಕೆ ಒಂದು ಸೀಳು. ಮರ ಎಣ್ಣೆ ಕುಡಿದು ಕಪ್ಪಾಗಿತ್ತು. ಬಲಮಗ್ಗುಲಲ್ಲಿ ದುಂಡನೆಯ ಮುದ್ರೆ. ಅದರೊಳಗೆ ಬಾಣದ ಗುರುತು, ಅದರ ಬಳಿ ಇಂಗ್ಲಿಷಿನ ‘ಐ’ ಅಕ್ಷರ, ಕೆಳಗೆ 1858 ಎಂಬ ಅಂಕೆಗಳು. ಮನೆಯ ಹಿರಿಯರೊಬ್ಬರು ಮುಂಡರಗಿ ಭೀಮರಾಯನ ಸಂಗಡ ಕೊಪ್ಪಳದ ಕೋಟೆಯಲ್ಲಿ ಹೋರಾಡಿದರೆಂದೂ, ಇದು ಅಲ್ಲಿ ಬಿಳಿಯರಿಂದ ಕಸಿದುಕೊಂಡ ಬಂದೂಕಿನದೆಂದೂ ಆ ಮನೆಯ ಮಾತು. ಹೇಳಿದವನು ಮನೆಯ ಮಗ, ನಲವತ್ತೈದರ ಆಸುಪಾಸಿನವನು, ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಅವನ ತಾಯಿ ಗೋಡೆಗೊರಗಿ ಕುಳಿತು ಕಡಲೆ ಬಿಡಿಸುತ್ತಿದ್ದರು. ಅವರು ಏನೂ ಹೇಳಲಿಲ್ಲ.

ಭೀಮರಾಯನ ಕಥೆ ಕಟ್ಟುಕಥೆಯಲ್ಲ. 1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆಯನ್ನು ತಂದಿತು. ಹಲಗಲಿಯ ಬೇಡರು ಅದಕ್ಕೆ ತಲೆಬಾಗದೆ ಊರನ್ನೇ ಕಳೆದುಕೊಂಡರು. ಮರುವರ್ಷ ಬೇಸಗೆಯಲ್ಲಿ ನರಗುಂದದ ಬಾಬಾಸಾಹೇಬನೂ ಮುಂಡರಗಿಯ ಭೀಮರಾಯನೂ ಎದ್ದರು. ಭೀಮರಾಯ ಹಮ್ಮಿಗೆಯ ಕೆಂಚನಗೌಡನೊಡನೆ ಕೊಪ್ಪಳದ ಕೋಟೆಯನ್ನು ಹಿಡಿದ. ಕಂಪನಿಯ ಸೈನ್ಯ ಬಂದು ಮುತ್ತಿದಾಗ ಅಲ್ಲಿಯೇ ಸತ್ತ. ಅವನೊಂದಿಗೆ ಸತ್ತವರಲ್ಲಿ ಹೆಚ್ಚಿನವರ ಹೆಸರು ನಮಗೆ ಉಳಿದಿಲ್ಲ. ಗಿಣಿಗೇರಾದಿಂದ ಕೊಪ್ಪಳದ ಕೋಟೆ ದೂರವೇನೂ ಅಲ್ಲ. ಈ ಊರಿನವನೊಬ್ಬ ಅಲ್ಲಿದ್ದಿರಬಾರದೆಂದು ಯಾರು ಹೇಳಬಲ್ಲರು?

ಯಾರೂ ಹೇಳಲಾರರು, ಆದರೆ ಮರ ಹೇಳಿತು. ನನಗೆ ಬಂದೂಕಿನ ವಿಷಯ ಅಷ್ಟಾಗಿ ತಿಳಿಯದು. ಸೈನ್ಯದಲ್ಲಿ ಆಯುಧಗಳ ದುರಸ್ತಿ ಮಾಡಿ ನಿವೃತ್ತರಾಗಿದ್ದ ಹವಾಲ್ದಾರರೊಬ್ಬರನ್ನು ಜೊತೆಗೆ ಕರೆದೊಯ್ದಿದ್ದೆ. ಅವರು ಮುದ್ರೆಯ ಕಡೆ ಕಣ್ಣೆತ್ತಿಯೂ ನೋಡದೆ ಮೊದಲು ಹಿಡಿಯ ಮುಂತುದಿಯನ್ನು ತಡವಿದರು. 1858ರಲ್ಲಿ ಬಳಕೆಯಲ್ಲಿದ್ದ ಎನ್‌ಫೀಲ್ಡ್ ಬಂದೂಕಿಗೆ, ಅಂದರೆ 1853ರ ಮಾದರಿಗೆ, ಹೆಗಲಿನಿಂದ ಮೂತಿಯ ತನಕ ಒಂದೇ ಮರ. ಈ ಹಿಡಿಯಾದರೋ ಮುಂದೆ ಮುರಿದದ್ದಲ್ಲ, ಕಬ್ಬಿಣದ ಕುಣಿಯಲ್ಲಿ ಕೂರುವಂತೆ ನೀಟಾಗಿ ಕೆತ್ತಿದ್ದು. ಉದ್ದಕ್ಕೂ ಒಂದು ದೊಡ್ಡ ತಿರುಪು ಹಾಯಲು ತೂತು ಕೊರೆದಿದೆ. ಹೀಗೆ ಎರಡು ತುಂಡು ಮರದ ಬಂದೂಕು ಬ್ರಿಟಿಷರ ಸೈನ್ಯದಲ್ಲಿ ರೂಢಿಗೆ ಬಂದದ್ದು 1871ರ ಮಾರ್ಟಿನಿ-ಹೆನ್ರಿ ಕಾಲದ ಸುತ್ತಮುತ್ತ. ಭೀಮರಾಯ ಸತ್ತು ಹದಿಮೂರು ವರ್ಷಗಳ ಮೇಲೆ! ಇನ್ನು ಬಾಣ ಮತ್ತು ‘ಐ’ ಅಕ್ಷರ, ಬಂದೂಕು ಭಾರತ ಸರ್ಕಾರದ ಸ್ವತ್ತೆಂಬುದರ ಗುರುತು. 1858ರ ಜೂನಿನಲ್ಲಿ ಇಲ್ಲಿದ್ದುದು ಕಂಪನಿಯ ಆಡಳಿತ. ರಾಣಿಯ ಘೋಷಣೆ ಹೊರಟದ್ದು ಆ ವರ್ಷದ ನವೆಂಬರಿನಲ್ಲಿ.

ಆಮೇಲೆ ಅವರು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು ಅಂಕೆಗಳನ್ನು ನೋಡಹೇಳಿದರು. ಉಕ್ಕಿನ ಅಚ್ಚನ್ನು ಮರದ ಮೇಲಿಟ್ಟು ಹೊಡೆದಾಗ ಮರ ಕಳೆದುಹೋಗುವುದಿಲ್ಲ, ತಗ್ಗುತ್ತದೆ. ಎಳೆಗಳು ಒತ್ತಿ ಬಾಗಿ, ಹಳ್ಳದ ತಳದಲ್ಲೂ ತುಂಡಾಗದೆ ಹಾಗೆಯೇ ಹರಿಯುತ್ತವೆ. ಚೂರಿಯಿಂದ ಕೆತ್ತಿದಾಗ ಎಳೆಗಳು ಕಡಿದುಹೋಗುತ್ತವೆ. ಕಡಿದ ಬಾಯಿ ಚೂಪಾಗಿರುತ್ತದೆ. ಹಳೆಯ ಅಗಸೆ ಎಣ್ಣೆಯೂ ಧೂಳೂ ಕೈಬೆವರೂ ಇಳಿದ ಬಣ್ಣ ಅದರ ತಳಕ್ಕೆ ಇಳಿದಿರುವುದಿಲ್ಲ. ಮೊದಲನೆಯ ಒಂದು, ಕೊನೆಯ ಎಂಟು, ಇವು ಅಚ್ಚಿನವು. ನಡುವಣ ಎಂಟರಲ್ಲಿ ಅರ್ಧ ಅಚ್ಚು, ಅರ್ಧ ಚೂರಿ. ಐದರಲ್ಲಿ ನೆಟ್ಟಗಿನ ಗೆರೆಯೊಂದು ಮಾತ್ರ ಅಚ್ಚಿನದು, ಉಳಿದದ್ದು ಕೆತ್ತಿದ್ದು. ಒಂಬತ್ತನ್ನು ಎಂಟಾಗಿಯೂ ಒಂದನ್ನು ಐದಾಗಿಯೂ ತಿದ್ದಿದ್ದರು. ಮರದ ಮೇಲೆ ಮೊದಲು ಇದ್ದದ್ದು 1918.

ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಬೇಕು. ಆ ಗಳಿಗೆಯಲ್ಲಿ ನನಗಾದದ್ದು ದುಃಖವಲ್ಲ, ಸಂತೋಷ. ಕಳ್ಳನನ್ನು ಹಿಡಿದವನ ಸಂತೋಷ. ಪರೀಕ್ಷಕನ ಕಸುಬಿಗೆ ಅಂಟಿಕೊಂಡ ದೋಷವಿದು. ನಿಜವಾದದ್ದನ್ನು ನಿಜವೆಂದರೆ ಯಾರೂ ತಲೆದೂಗುವುದಿಲ್ಲ. ಹುಸಿಯನ್ನು ಹುಸಿಯೆಂದರೆ ಎಲ್ಲರೂ ಭೇಷ್ ಎನ್ನುತ್ತಾರೆ. ಬಾಯಿಬಿಟ್ಟು ಹೇಳಿಯೇ ಬಿಡುವವನಿದ್ದೆ. ಅಷ್ಟರಲ್ಲಿ ಹವಾಲ್ದಾರರು ಹಿಡಿಯನ್ನು ಮಗುಚಿ, ಕೆಳಮೈಯನ್ನು ಬೆಳಕಿಗೆ ಹಿಡಿದರು.

ಅಲ್ಲಿ ಇನ್ನೊಂದು ಬರೆಹವಿತ್ತು. ಮೊಳೆಯಿಂದಲೋ ಏನೋ ಕೊರೆದ ನಾಲ್ಕು ಕನ್ನಡ ಅಕ್ಷರಗಳು: ‘ಗಿಣಗೇರಿ’. ಒಂದು ಅಕ್ಷರ ಮಕಾಡೆ ಬಿದ್ದಂತಿದೆ, ಒಂದರ ಗುಣಿಸು ತಪ್ಪಿದೆ. ಆದರೆ ಆ ಗೀರುಗಳ ಅಂಚು ಸವೆದು ನುಣುಪಾಗಿದ್ದವು; ತಳದ ತನಕ ಎಣ್ಣೆ ಇಳಿದು ಮರದ ಬಣ್ಣವೇ ಆಗಿತ್ತು. ವರ್ಷಗಟ್ಟಲೆ ಒಂದು ಅಂಗೈ ಅದರ ಮೇಲೆ ಆಡಿತ್ತೆಂಬುದರಲ್ಲಿ ನಮಗಿಬ್ಬರಿಗೂ ಸಂಶಯ ಉಳಿಯಲಿಲ್ಲ.

ಆಗ ಆ ತಾಯಿ ಮಾತಾಡಿದರು. ‘ನಿಮ್ಮ ಕಣ್ಣಿಗಿ ಕಂಡದ್ದ ಖರೇ ಐತ್ರಿ. ಅಂಕಿ ತಿದ್ದಿದವರು ನಮ್ಮ ಮನಿಯವರು. ರಾತ್ರಿ ಕಂದೀಲ ಹಚ್ಚಿಕೊಂಡು ಕುಂತು ತಿದ್ದಿದ್ರು. ನಾ ನೋಡೀನಿ.’

ಅವರು ಹೇಳಿದ್ದರ ಸಾರಾಂಶವಿಷ್ಟು. ಆಕೆಯ ಮಾವನವರು ನಿಜಾಮ ಸರ್ಕಾರದ ಪೋಲೀಸಿನಲ್ಲಿ ಜವಾನರಾಗಿದ್ದರು. ಬರಗಾಲದ ವರ್ಷವೊಂದರಲ್ಲಿ, ಹೊಟ್ಟೆಗಿಲ್ಲದೆ ಸೇರಿದವರು. ಬೀದರಿನ ಕಡೆಗೆಲ್ಲೋ ಹಾಕಿದರು. ಠಾಣೆಯ ಭಾಷೆ ಉರ್ದು. ಅವರಿಗೆ ಓದು ಬರುತ್ತಿರಲಿಲ್ಲ. ಜೊತೆಯವನೊಬ್ಬನಿಂದ ತನ್ನ ಊರಿನ ಹೆಸರನ್ನು ಬರೆಯುವುದನ್ನು ಕಲಿತರು. ಕನ್ನಡದಲ್ಲಿ ಅವರು ಬಲ್ಲ ಬರೆಹ ಆ ನಾಲ್ಕೇ ಅಕ್ಷರ. ಹಿಡಿ ಸೀಳಿದಾಗ ಠಾಣೆಯಲ್ಲಿ ಬೇರೆ ಮರ ಹಾಕಿದರು; ಬಿಸಾಕಿದ ಹಳೆಯ ಮರವನ್ನು ಅವರು ಗಂಟಿನಲ್ಲಿ ಕಟ್ಟಿಕೊಂಡು ಮನೆಗೆ ತಂದರು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ನಿಜಾಮರ ಆಳಿಕೆ ಮುಗಿಯಿತು. ಅವರು ಊರಿಗೆ ಮರಳಿದರು. ಊರು ಅವರನ್ನು ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಕಟ್ಟೆಯ ಮೇಲೆ ಅವರು ಬಂದು ಕುಳಿತರೆ ಮಾತು ನಿಲ್ಲುತ್ತಿತ್ತು, ಅಷ್ಟೆ. 1998ರಲ್ಲಿ ವಿಮೋಚನೆಯ ಸುವರ್ಣ ಮಹೋತ್ಸವ ಬಂದಾಗ, ಯಾವ ಮನೆಯಿಂದ ಯಾರು ಹೋರಾಡಿದರು ಎಂಬ ಮಾತು ಊರಿನಲ್ಲೆಲ್ಲ ನಡೆಯಿತು. ಆಗ ಮಗ ಒಂದು ರಾತ್ರಿ ತಂದೆಯ ಮರವನ್ನು ಕೆಳಗಿಳಿಸಿ, ಅದಕ್ಕೊಬ್ಬ ಬೇರೆ ಪೂರ್ವಜನನ್ನು ಕೆತ್ತಿದರು.

ನನ್ನ ಸಂತೋಷ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

ಹುಸಿ ಮುದ್ರೆಯ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗಂಗರ ತಾಮ್ರಪಟಗಳ ಬಗ್ಗೆ ದೊಡ್ಡ ವಾದವೇ ನಡೆಯಿತು. ಬೊಂಬಾಯಿ ಸರ್ಕಾರದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟರು ಅವುಗಳಲ್ಲಿ ಅನೇಕವು ಕೂಟಶಾಸನಗಳೆಂದರು: ಹೇಳುವ ಶತಮಾನ ಒಂದು, ಲಿಪಿಯ ವಯಸ್ಸು ಇನ್ನೊಂದು, ತಿಥಿಗೂ ವಾರಕ್ಕೂ ತಾಳೆಯಿಲ್ಲ. ಮೈಸೂರಿನಲ್ಲಿದ್ದ ಬಿ. ಎಲ್. ರೈಸರು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಮುಂದಿನ ವಿದ್ವಾಂಸರು ಮತ್ತೊಂದು ಸೂಕ್ಷ್ಮವನ್ನು ಎತ್ತಿದರು. ಮೂಲ ತಾಮ್ರಪಟ ಬೆಂಕಿಗೋ ಕಳ್ಳರಿಗೋ ಹೋಗಿ, ದಾನದ ನೆಲವನ್ನು ಅನುಭವಿಸುತ್ತಿದ್ದವರು ನೆನಪಿನಿಂದ ಹೊಸದನ್ನು ಬರೆಸಿಕೊಂಡಿರಬಹುದು. ಅಂಥ ಪಟ ಹುಸಿ, ದಾನ ಹುಸಿಯಾಗಬೇಕಾಗಿಲ್ಲ. ಹಾಗಾದರೆ ಮುದ್ರೆಯ ಸತ್ಯ ಒಂದಲ್ಲ, ಮೂರೆಂದಾಯಿತು. ಹೊಡೆದವನ ಕೈ ನಿಜವೆ? ಹೊಡೆದದ್ದು ಈ ವಸ್ತುವಿನ ಮೇಲೆಯೆ? ಅದು ಹೇಳುವ ಸಂಗತಿ ನಡೆದದ್ದೆ? ಈ ಮೂರೂ ಒಟ್ಟಿಗೆ ಇರಬೇಕೆಂಬ ನಿಯಮವೇನೂ ಇಲ್ಲ.

ಬಂದೂಕುಗಳ ಲೋಕದಲ್ಲಿ ಇದು ದಿನನಿತ್ಯದ ಮಾತು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ ಗರಾಂಡ್ ಬಂದೂಕುಗಳ ಮರದ ಮೇಲೆ ಚೌಕದೊಳಗೆ ಕಾರ್ಖಾನೆಯ ಅಕ್ಷರಗಳನ್ನೂ ಅಧಿಕಾರಿಯ ಹೆಸರಿನ ಮೊದಲಕ್ಷರಗಳನ್ನೂ ಒತ್ತುತ್ತಿದ್ದರು. ಆ ಚೌಕ ಸ್ಪಷ್ಟವಾಗಿದ್ದರೆ ಸಂಗ್ರಾಹಕರು ಹೆಚ್ಚು ಹಣ ಕೊಡುತ್ತಾರೆ. ಹಣ ಹೆಚ್ಚಿದಲ್ಲಿ ಕಳ್ಳ ಅಚ್ಚೂ ಹುಟ್ಟಿತು. ಇನ್ನೊಂದು ವಿಚಿತ್ರವೂ ಉಂಟು. ಯುದ್ಧ ಮುಗಿದ ಮೇಲೆ ಸಾವಿರಾರು ಬಂದೂಕುಗಳನ್ನು ಬಿಚ್ಚಿ, ಸರಿಯಿದ್ದ ಭಾಗಗಳನ್ನು ಕೈಗೆ ಸಿಕ್ಕಂತೆ ಜೋಡಿಸಿದರು. ಹೀಗಾಗಿ ಮರ ನಿಜ, ಮುದ್ರೆ ನಿಜ, ನಳಿಗೆ ನಿಜ. ಅವುಗಳ ದಾಂಪತ್ಯ ಮಾತ್ರ ಹುಸಿ. ಯಾರೂ ಯಾರಿಗೂ ಮೋಸ ಮಾಡದೆ ಹುಟ್ಟಿದ ಹುಸಿ ಅದು. ನಮ್ಮ ಈಶಾಪುರದ ಕಾರ್ಖಾನೆಯಲ್ಲಿಯೂ ಸೈನ್ಯದ ಬಂದೂಕುಗಳನ್ನು ಪೋಲೀಸರಿಗೆಂದು ಮಾರ್ಪಡಿಸುತ್ತಿದ್ದುದುಂಟು. ಸ್ವಾತಂತ್ರ್ಯ ಬಂದು ನಾಡು ಗಣರಾಜ್ಯವಾದ ಮೇಲೆ ಅಲ್ಲಿಯ ಬಂದೂಕುಗಳ ಮೇಲೆ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು. ಬಂದೂಕಿನ ಕೆಲಸ ಅದೇ, ಗುರುತು ಬೇರೆ.

ಆ ಮನೆಯಿಂದ ಹೊರಗೆ ಬಂದಾಗ ಉಪಾಧ್ಯಾಯ ಮಿತ್ರರು ಒಂದು ವಾದವನ್ನು ಮುಂದಿಟ್ಟರು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ‘ಭೀಮರಾಯ ಹೋರಾಡಿದ್ದು ನಿಜ. ಹೆಸರಿಲ್ಲದ ನೂರಾರು ಜನ ಸತ್ತದ್ದು ನಿಜ. ಮಕ್ಕಳಿಗೆ ತೋರಿಸಲು ನಮ್ಮಲ್ಲಿ ಅವರ ಒಂದು ಗುಂಡಿಯೂ ಇಲ್ಲ. ಈ ಮರ ಅವರ ಪರವಾಗಿ ನಿಂತರೆ ಯಾರಿಗೆ ನಷ್ಟ? ಮಣ್ಣಿನ ಗಣಪತಿ ಕೈಲಾಸದಿಂದ ಬಂದದ್ದೆಂದು ಯಾರಾದರೂ ನಂಬುತ್ತಾರೆಯೆ? ಆದರೂ ಕೈ ಮುಗಿಯುತ್ತೇವೆ.’

ಮಾತು ಚೆನ್ನಾಗಿತ್ತು. ಆದರೆ ಮಣ್ಣಿನ ಗಣಪತಿ ತಾನು ಮಣ್ಣೆಂಬುದನ್ನು ಮುಚ್ಚಿಡುವುದಿಲ್ಲ. ಅದನ್ನು ನೀರಿಗೆ ಬಿಡುವುದೂ ನಮ್ಮ ಪೂಜೆಯ ಭಾಗವೇ. ಪ್ರತೀಕ ಬೇರೆ, ಸಾಕ್ಷಿ ಬೇರೆ. ಪ್ರತೀಕ ‘ನನ್ನ ಮೂಲಕ ನೋಡು’ ಎನ್ನುತ್ತದೆ; ಸಾಕ್ಷಿ ‘ನಾನು ನೋಡಿದ್ದೇನೆ’ ಎನ್ನುತ್ತದೆ. ನೋಡದವನು ನೋಡಿದೆನೆಂದರೆ, ಅವನು ಹೇಳುವ ಸಂಗತಿ ಅಕ್ಷರಶಃ ನಿಜವಾಗಿದ್ದರೂ ಅವನು ಕಳ್ಳಸಾಕ್ಷಿಯೇ. ಕಳ್ಳಸಾಕ್ಷಿಯಿಂದ ಮೊದಲು ಕೆಡುವುದು ನಿಜವಾದ ಮೊಕದ್ದಮೆ. ನಾಳೆ ಒಬ್ಬ ಚುರುಕಾದ ಹುಡುಗ ಭೂತಗನ್ನಡಿ ಹಿಡಿದು ನೋಡಿ, ‘ಬಂದೂಕು ಸುಳ್ಳು, ಹಾಗಾದರೆ ಭೀಮರಾಯನೂ ಸುಳ್ಳಿರಬೇಕು’ ಎಂದರೆ ನಾವು ಏನು ಹೇಳೋಣ? ಕುರುಹಿಲ್ಲದೆ ಸತ್ತವರಿಗೆ ಕುರುಹಿಲ್ಲವೆಂಬ ಸತ್ಯವನ್ನಾದರೂ ಉಳಿಸಬೇಡವೆ?

ಇನ್ನೊಂದು ನಷ್ಟ ಇದಕ್ಕಿಂತ ಹತ್ತಿರದ್ದು. ತಾಮ್ರಪಟವನ್ನು ಮತ್ತೆ ಬರೆಸಿದವರು, ಹೋದದ್ದನ್ನು ಉಳಿಸಿಕೊಳ್ಳಲು ಬರೆಸಿದರೆನ್ನೋಣ. ಇಲ್ಲಿ ಇದ್ದದ್ದನ್ನು ಹೋಗಲಾಡಿಸಲು ಕೆತ್ತಿದ್ದು. ಮಗ ಒಬ್ಬ ವೀರನನ್ನು ಹುಟ್ಟಿಸಿದ; ಅದಕ್ಕಾಗಿ ಒಬ್ಬ ತಂದೆಯನ್ನು ಅಳಿಸಿದ. ಅಳಿಸಬೇಕಾದಂಥ ಮನುಷ್ಯನೆ ಆತ? ರಜಾಕಾರರ ಹಾವಳಿಯ ಆ ದಿನಗಳಲ್ಲಿ ಆತ ಏನು ಮಾಡಿದ, ಏನನ್ನು ನೋಡಿ ಸುಮ್ಮನಿದ್ದ ಎಂಬುದಕ್ಕೆ ಸಾಕ್ಷಿಯಿಲ್ಲ. ನಾನು ಅವನನ್ನು ಖುಲಾಸೆ ಮಾಡಲೂ ಹೊರಟಿಲ್ಲ. ಅದೇ ದಿನಗಳಲ್ಲಿ ಅಳವಂಡಿಯ ಶಿವಮೂರ್ತಿ ಸ್ವಾಮಿಗಳು ಮುಂಡರಗಿಯ ಶಿಬಿರದಿಂದ ನಿಜಾಮರ ವಿರುದ್ಧ ಹೋರಾಟ ನಡೆಸುತ್ತಿದ್ದರು. ಅವರ ಸಂಗಡಿಗರ ಧೈರ್ಯವನ್ನು ಈ ಜವಾನನ ಹೊಟ್ಟೆಪಾಡಿನೊಡನೆ ಸಮ ಮಾಡಿ ತೂಗುವುದು ಅನ್ಯಾಯ. ಆದರೆ ಉಂಡ ಅನ್ನದಿಂದಲೇ ಮನುಷ್ಯನ ಮೇಲೆ ಮುದ್ರೆಯೊತ್ತುವುದಾದರೆ, ಕಂಪನಿ ಸರ್ಕಾರದ ನೌಕರಿಯಲ್ಲಿದ್ದ ಭೀಮರಾಯನ ಮೇಲೆ ಮೊದಲು ಯಾವ ಮುದ್ರೆ ಇದ್ದಿತು ಎಂಬುದನ್ನೂ ಕೇಳಬೇಕಾಗುತ್ತದೆ.

ಆ ನಾಲ್ಕು ಅಕ್ಷರಗಳು ನನಗೆ ಬೇರೊಬ್ಬನನ್ನು ನೆನಪಿಗೆ ತಂದವು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಅದೇ ಚಕ್ರವರ್ತಿಯ ಶಾಸನಗಳು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿಯೂ ಇವೆ. ಅಲ್ಲಿ ಬ್ರಾಹ್ಮೀ ಲಿಪಿಯ ರಾಜವಾಕ್ಯವೆಲ್ಲ ಮುಗಿದ ಮೇಲೆ, ಬರೆದವನು ಚಪಡನೆಂಬ ತನ್ನ ಹೆಸರನ್ನು ಹೇಳಿ, ಲಿಪಿಕಾರ ಎಂಬ ಒಂದು ಮಾತನ್ನು ಖರೋಷ್ಠಿಯಲ್ಲಿ, ವಾಯವ್ಯ ಗಡಿಯ ಲಿಪಿಯಲ್ಲಿ, ಬರೆದಿದ್ದಾನೆ. ಸುತ್ತಲಿನ ಒಬ್ಬರಿಗೂ ಅದನ್ನು ಓದಲು ಬಂದಿರಲಾರದು. ಸಾಮ್ರಾಜ್ಯದ ಆಜ್ಞೆ ಬಂಡೆಯ ತುಂಬ. ಮೂಲೆಯಲ್ಲಿ ದೂರ ದೇಶಕ್ಕೆ ಬಂದ ಒಬ್ಬ ಕೆಲಸಗಾರನ ಕೈ. ಬೀದರಿನ ಠಾಣೆಯಲ್ಲಿ ಉರ್ದುವಿನ ನಡುವೆ ಕುಳಿತು ತಪ್ಪು ಕನ್ನಡದಲ್ಲಿ ಊರಿನ ಹೆಸರು ಕೊರೆದ ಜವಾನನಿಗೂ ಅವನಿಗೂ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಅಂತರ. ನೆಂಟಸ್ತನಕ್ಕೆ ಮಾತ್ರ ಅಂತರ ಕಾಣಲಿಲ್ಲ.

ಆ ಬರೆಹವಾದರೂ ನಿಜವೆಂದು ಹೇಗೆ ಹೇಳುತ್ತೀರಿ ಎಂದು ವಾಚಕರು ಕೇಳಬಹುದು. ತಪ್ಪು ಬರೆದಿದ್ದರೆ ಸಾಚಾ ಎನ್ನುವಂತಿಲ್ಲ. ಜಾಣ ಕಳ್ಳ ತಪ್ಪನ್ನೂ ಅಚ್ಚುಕಟ್ಟಾಗಿ ಮಾಡಬಲ್ಲ. ಎಣ್ಣೆಯ ಬಣ್ಣ, ಅಂಚಿನ ಸವೆತ, ಇವು ಒಂದು ಆಧಾರ. ಇನ್ನೊಂದನ್ನು ವಕೀಲರು ಬಲ್ಲರು: ಇದರಿಂದ ಯಾರಿಗೆ ಲಾಭ? ತಿದ್ದಿದ ಅಂಕೆ ಮನೆಗೆ ಮಾನ ತರುತ್ತಿತ್ತು. ಈ ಅಕ್ಷರಗಳು ಯಾರಿಗೂ ಏನನ್ನೂ ತರುವಂತಿರಲಿಲ್ಲ. ಹೆಚ್ಚೆಂದರೆ ಬರೆದವನಿಗೆ ಮೇಲಿನವರಿಂದ ಬೈಗುಳ. ಲಾಭವಿಲ್ಲದ ಬರೆಹವನ್ನೆಲ್ಲ ನಂಬಬೇಕೆಂದಲ್ಲ. ನಂಬಲು ಅದು ಒಳ್ಳೆಯ ಮೊದಲ ಕಾರಣ.

ಒಳಗೆ ಮಗ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಇಪ್ಪತ್ತೈದು ವರ್ಷ ನಂಬಿದ ಮುತ್ತಜ್ಜನೊಬ್ಬ ಒಂದು ಸಂಜೆಗೆ ಮಾಯವಾದರೆ ಯಾರಾದರೂ ಸುಮ್ಮನಾಗುತ್ತಾರೆ. ಕೊನೆಗೆ ಅವನು ತನ್ನ ಕಸುಬಿನ ಮಾತೆತ್ತಿದ. ಕಾರ್ಖಾನೆಯಲ್ಲಿ ಒಂದೊಂದು ಕುಲುಮೆಯ ಪಾಕಕ್ಕೂ ಒಂದೊಂದು ಸಂಖ್ಯೆಯುಂಟು; ಅವರು ಅದನ್ನು ಹೀಟ್ ನಂಬರ್ ಎನ್ನುತ್ತಾರೆ. ಕಬ್ಬಿಣ ಎಲ್ಲಿಗೇ ಹೋಗಲಿ, ಆ ಸಂಖ್ಯೆಯಿಂದ ಅದರ ಹುಟ್ಟನ್ನು ತಿಳಿಯಬಹುದು. ‘ನಂಬರ ತಪ್ಪಿದ್ರ ಕಬ್ಬಣ ಏನ ಕೆಡಂಗಿಲ್ರಿ. ಆದ್ರ ಅದನ್ನ ನಂಬಿ ಸೇತುವಿ ಕಟ್ಟಿದವ ಕೆಡ್ತಾನ’ ಎಂದ. ಇಷ್ಟು ಹೊತ್ತು ನಾನು ಹುಡುಕುತ್ತಿದ್ದ ತತ್ತ್ವ ಅಷ್ಟೇ ಆಗಿತ್ತು. ಹುಸಿ ಮುದ್ರೆಯಿಂದ ವಸ್ತು ಕೆಡುವುದಿಲ್ಲ. ಅದರ ಮೇಲೆ ಮುಂದೆ ಕಟ್ಟುವುದೆಲ್ಲ ಕೆಡುತ್ತದೆ.

ಆಮೇಲೆ ಅವನು ಕೇಳಿದ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ‘ಹಂಗಾದ್ರ ಆ ಅಂಕಿನ ಸರಿಮಾಡಸ್ಲೇನ್ರಿ? ಉಜ್ಜಿ, ಮೊದಲಿನಂಗ 1918 ಹೊಡಸ್ತೀನಿ.’

ಕ್ಷಣಕಾಲ ಅದೇ ನ್ಯಾಯವೆನ್ನಿಸಿತು. ಹವಾಲ್ದಾರರು ತಲೆಯಲ್ಲಾಡಿಸಿದರು. ಹಳೆಯ ಬಂದೂಕಿನ ಮರವನ್ನು ಉಜ್ಜಿ ಹೊಸ ಅಚ್ಚು ಹೊಡೆದವರಿಂದಲೇ ಅರ್ಧ ಲೋಕದ ಹುಸಿ ಹುಟ್ಟಿದೆಯೆಂದು ಅವರ ಅನುಭವ. ನಿಜವಾದ ವರ್ಷವನ್ನು ಹೊಸದಾಗಿ ಕೆತ್ತಿದರೂ ಅದು ಕೆತ್ತಿದ ವರ್ಷವೇ ಹೊರತು 1918ರಲ್ಲಿ ಬಿದ್ದ ಪೆಟ್ಟಲ್ಲ. ಸತ್ಯಕ್ಕೂ ಕಳ್ಳ ಅಚ್ಚು ಸಲ್ಲದು. ಅದೂ ಅಲ್ಲದೆ, ಆ ತಿದ್ದುಪಡಿ ಈಗ ತಾನೂ ಒಂದು ಗುರುತಾಗಿದೆ. 1918ರ ಕಾಲದ್ದೆಂದು ಅದು ಹುಸಿ, 1858ರದೆಂದು ಇನ್ನೂ ಹುಸಿ. ಆದರೆ 1998ರ ಒಂದು ರಾತ್ರಿಯದೆಂದು ಅಪ್ಪಟ ನಿಜ. ತಂದೆಯ ಬಗ್ಗೆ ಊರು ಮಾತು ನಿಲ್ಲಿಸಿದುದನ್ನು ಸಹಿಸಲಾರದೆ ಒಬ್ಬ ಮಗ ಕಂದೀಲಿನ ಬೆಳಕಿನಲ್ಲಿ ಏನು ಮಾಡಿದನೆಂಬುದಕ್ಕೆ ಅದೊಂದೇ ಲಿಖಿತ ದಾಖಲೆ. ಅದನ್ನು ಉಜ್ಜಿದರೆ ಅಜ್ಜನನ್ನು ಅಳಿಸಿದ ತಪ್ಪನ್ನು ಅಪ್ಪನ ವಿಷಯದಲ್ಲಿ ಮತ್ತೆ ಮಾಡಿದಂತೆ. ಹಾಗೆಯೇ ಇರಲಿ ಎಂದೆ.

ಚೀಟಿಯನ್ನೂ ಬರೆದುಕೊಟ್ಟೆ: ಇದು ಲೀ-ಎನ್‌ಫೀಲ್ಡ್ ಜಾತಿಯ ಬಂದೂಕಿನ ಹಿಡಿ, ಮುದ್ರೆಯ ವರ್ಷ 1918, ಅನಂತರ ತಿದ್ದಿದೆ, ಕೆಳಗಿನ ಕನ್ನಡ ಅಕ್ಷರಗಳು ಇದನ್ನು ಹಿಡಿದಿದ್ದ ಈ ಊರಿನ ಪೋಲೀಸು ಜವಾನನವು. ಇದನ್ನು ಶಾಲೆಯಲ್ಲಿ ಇಡುವುದೂ ಬಿಡುವುದೂ ಮನೆಯವರ ಇಷ್ಟವೆಂದೂ ಹೇಳಿದೆ. ಪರೀಕ್ಷಕನಿಗೆ ಸತ್ಯವನ್ನು ಕಂಡುಹಿಡಿಯುವ ಹಕ್ಕಿದ್ದೀತು. ಅದನ್ನು ಊರ ಚಾವಡಿಯಲ್ಲಿ ಹರವುವ ಹಕ್ಕು ತಾನಾಗಿಯೇ ಬರುವುದಿಲ್ಲ. ಸುಳ್ಳು ಚೀಟಿಯನ್ನು ಬರೆಯಲೊಲ್ಲೆನೆಂಬಲ್ಲಿಗೆ ನನ್ನ ಅಧಿಕಾರ ಮುಗಿಯಿತು. ಮೇಜಿನ ಮೇಲೆ ತನ್ನ ಅಜ್ಜನನ್ನು ಇಡಬೇಕಾದವನು ಆ ಮೊಮ್ಮಗ.

ಆ ವರ್ಷದ ಪ್ರದರ್ಶನದಲ್ಲಿ ಬಂದೂಕಿನ ಮರ ಇರಲಿಲ್ಲ. ಉಪಾಧ್ಯಾಯ ಮಿತ್ರರಿಗೆ ಸ್ವಲ್ಪ ಬೇಸರವಾಯಿತು. ಆದರೆ ಕೆಲವು ತಿಂಗಳ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಆ ಮನೆಗೆ ಹೋಗಿದ್ದೆ. ಮರ ಅದೇ ಗೂಟದ ಮೇಲೆಯೇ ಇತ್ತು; ತಿರುಗಿಸಿ ಇಟ್ಟಿದ್ದರು. ದುಂಡು ಮುದ್ರೆ ಗೋಡೆಯ ಕಡೆಗೆ, ನಾಲ್ಕು ಅಕ್ಷರಗಳು ಬಾಗಿಲ ಬೆಳಕಿಗೆ. ಶಾಲೆಗೆ ಹೋಗುವ ಹುಡುಗಿಯೊಬ್ಬಳು, ಆ ಮನೆಯ ಮೊಮ್ಮಗಳಿರಬೇಕು, ಅದನ್ನು ತೋರಿಸಿ ಅಜ್ಜಿಗೆ ಹೇಳುತ್ತಿದ್ದಳು: ‘ಆಯಿ, ಮುತ್ಯಾ ಕಾಗುಣಿತ ತಪ್ಪ ಬರದಾನ ನೋಡು.’

‘ತಪ್ಪಾದ್ರೇನಾತು? ಅವರ ಬರದಾರಲ್ಲ’ ಎಂದರು ಆ ತಾಯಿ.